ಬಕ್ಕಪ್ಪ ಎಂಬ ಹೆಸರಿನ ಮಹಾಪುರುಷರು

ಮಾತನ್ನು ಮೊದಲು ಬಾಯಿಂದ ಬಿಟ್ಟು, ಆಮೇಲೆ ಅದರ ಹಿಂದೆ ಓಡುವುದು ಹಾವಗೆಪ್ಪನವರ ಹಳೆಯ ಅಭ್ಯಾಸ. ಬೀದರದ ಹತ್ತಿರದ ಕೊಳಾರದ ಒಂದು ಗೋದಾಮಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದಾಗ ಒಮ್ಮೆ, "ಲಾರಿ ಬರ್ಲತದ್ರಿ, ದಾರ್ಯಾಗದ" ಎಂದು ಸಾಹೇಬರಿಗೆ ತಾವೇ ಹೇಳಿ, ಆ ಮೇಲೆ ಲಾರಿಯನ್ನು ಹುಡುಕಿಕೊಂಡು ಹುಮನಾಬಾದ ದಾರಿಯಲ್ಲಿ ಸೈಕಲ್ಲು ತುಳಿದವರು ಅವರು. ಕೆಲಸದಿಂದ ನಿವೃತ್ತಿಯಾದ ಮೇಲೆ ಲಾರಿಗಳ ಕಾಟ ತಪ್ಪಿತು. ಬಾಯಿ ಮಾತ್ರ ನಿವೃತ್ತಿಯಾಗಲಿಲ್ಲ.

ಈ ಸಲ ಅದು ತೆರೆದದ್ದು ಬೀದರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ. ಸೊಸೆ ಮನಿಷಾಳ ತವರು ಔರಾದವಾದರೂ ಆಸ್ಪತ್ರೆ ಹತ್ತಿರವಿರಲೆಂದು ಹೆರಿಗೆ ಇಲ್ಲಿಯೇ ಆಯಿತು, ಗಂಡು ಕೂಸು. ಬಟ್ಟೆಯಲ್ಲಿ ಸುತ್ತಿದ ಮೊಮ್ಮಗನ ಮುಖ ಕಂಡದ್ದೇ ತಡ, ಹಾವಗೆಪ್ಪನವರು ವಾರ್ಡು ನಡುಗುವಂತೆ ಕೂಗಿದರು:

"ನಮ್ಮ ಬಕ್ಕಪ್ಪ ಬಂದಾನ!"

"ಸಾವಕಾಶ್ ರಿ ಅಜ್ಜಾರ," ಎಂದಳು ನರ್ಸು. "ಬಾಜೂಕ ಇನ್ನೂ ನಾಕ್ ಬಕ್ಕಪ್ಪ ಮಲಗ್ಯಾವ."

ಬಕ್ಕಪ್ಪ ಎಂಬುದು ಹಾವಗೆಪ್ಪನವರ ತಂದೆಯ ಹೆಸರು. ಹಲಬರ್ಗಾದಲ್ಲಿ ಕುರಿ ಕಾಯುತ್ತಿದ್ದ ಆ ತಂದೆ ತೀರಿಹೋಗಿ ಬಹಳ ವರ್ಷವಾಗಿತ್ತು. ತೀರಿಹೋದ ಹಿರಿಯರ ಹೆಸರು ಆ ಮೇಲೆ ಹುಟ್ಟಿದ ಮೊದಲ ಗಂಡು ಕೂಸಿಗೆ ಬರಬೇಕು, ಬದುಕಿರುವ ಹಿರಿಯರ ಹೆಸರನ್ನು ಮಾತ್ರ ಎಂದೂ ಇಡಬಾರದು ಎಂಬುದು ಆ ಕಡೆಯ ಕಟ್ಟಳೆ. ಮಗ ಸಂಜುಕುಮಾರ ಹುಟ್ಟಿದಾಗ ಮುದುಕ ಗಟ್ಟಿಮುಟ್ಟಾಗಿದ್ದುದರಿಂದ ಹೆಸರಿಗೆ ಸರದಿ ಬರಲಿಲ್ಲ. ಅಂದಿನಿಂದ ಅದು ಬಸ್ಸು ತಪ್ಪಿದ ಪ್ರಯಾಣಿಕನ ಹಾಗೆ ಕಾಯುತ್ತ ನಿಂತಿತ್ತು.

"ಮಾವಾರ, ನಾವು ವಿಹಾನ ಅಂತ ವಿಚಾರ ಮಾಡೀವ್ರಿ," ಎಂದಳು ಮನಿಷಾ ಮೆಲ್ಲಗೆ.

"ಯಾರಂವ?"

"ಯಾರೂ ಅಲ್ರಿ. ಹೆಸರು."

ಹಾವಗೆಪ್ಪನವರು ಮಗನ ಕಡೆ ನೋಡಿದರು. ಎರಡೂ ಪಕ್ಷದವರಿಗೆ ಹೂಂ ಎಂದೇ ಸಂಸಾರ ನಡೆಸುತ್ತಿದ್ದ ಸಂಜುಕುಮಾರ, ಗೋಡೆಯ ಮೇಲಿನ ಲಸಿಕೆಯ ಚಿತ್ರಪಟವನ್ನು ಪರೀಕ್ಷೆಗೆ ಓದುವವನಂತೆ ಓದತೊಡಗಿದ. ಬಾಣಂತಿಯ ಕಿವಿಗೆ ಗಾಳಿ ಹೋಗದಂತೆ ಬಟ್ಟೆ ಕಟ್ಟುತ್ತಿದ್ದ ಅವನ ತಾಯಿ ದಾನಮ್ಮ, "ಮಾವಾರ ಹೆಸರು ಇಟ್ರ ಛಲೋನೇ ಆಯ್ತದಲ್ಲವಾ," ಎಂದಷ್ಟೇ ಹೇಳಿದರು.

ಮನಿಷಾ ಕೆಟ್ಟವಳಲ್ಲ. ಶಾಲೆಯಲ್ಲಿ ಪಾಠ ಮಾಡುವವಳು. ಹಾಜರಿ ಕೂಗುವಾಗ ಯಾವ ಹೆಸರಿಗೆ ಮಕ್ಕಳು ಕಿಸಕ್ಕೆನ್ನುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

"ನಗಬ್ಯಾಡ್ರಿ ಮಾವಾರ. ನಾಳಿ ಸಾಲ್ಯಾಗ ಹುಡುಗರು ಕಾಡಿದ್ರ ಅಂವಗ ಹೇಳ್ಲಿಕ್ಕ ಒಂದು ಉತ್ತರ ಬೇಕಲ್ರಿ? ದೇವರು, ಶರಣರ ಮಾತು ಬ್ಯಾರೆ. ಬಕ್ಕಪ್ಪ ಅನ್ನೋ ಮನುಷ್ಯಾರು ಯಾರಾರ ಹೆಸರುವಾಸಿ ಆಗ್ಯಾರೇನ್ರಿ?"

ಇಲ್ಲಿ ಹಾವಗೆಪ್ಪನವರು 'ವಿಚಾರ ಮಾಡಿ ಹೇಳ್ತೀನವ್ವ' ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಯಾರಾರ ಅಂದ್ರ? ಭಾಲ್ಕಿ, ಔರಾದ ತಾಲೂಕಿನಾಗ ಕಣ್ಣು ಮುಚ್ಚಿ ಕಲ್ಲು ಒಗಿ, ಒಬ್ಬ ಬಕ್ಕಪ್ಪಗೇ ಬಡೀತದ. ಎಬ್ಬಿಸಿ ನೋಡು, ಅಂವ ಮಹಾಪುರುಷನೇ ಇರ್ತಾನ! ಒಂದು ಪುಸ್ತಕಾ ಬರೀಬಹುದು!"

"ಹಂಗಾದ್ರ ಬರೀರಿ," ಎಂದಳು ಮನಿಷಾ. "ತೊಟ್ಟಿಲಿಗೆ ಹಾಕೋ ದಿನ ಎಲ್ಲಾರ ಮುಂದ ಓದ್ರಿ. ಮನಸ್ಸಿಗಿ ಬಂತಂದ್ರ ನಾನೇ ಸಿದ್ದೇಶ್ವರಿ ಅಕ್ಕಾರಿಗಿ ಹೇಳ್ತೀನಿ, ಅದೇ ಹೆಸರು ಕಿವ್ಯಾಗ ಹೇಳ್ರಿ ಅಂತ."

ಸಿದ್ದೇಶ್ವರಿ ಹಾವಗೆಪ್ಪನವರ ಮಗಳು, ಕೂಸಿನ ಸೋದರತ್ತೆ. ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳುವ ಹಕ್ಕು ಅವಳದು. ಹೀಗೆ, ತಂದೆಯ ಹೆಸರು ಮನೆಯಲ್ಲಿ ಉಳಿಯುವುದೋ ಹೋಗುವುದೋ ಎಂಬುದು ಇನ್ನೂ ಬರೆಯದ ಒಂದು ಪುಸ್ತಕದ ಮೇಲೆ ನಿಂತಿತು.

ಅಂದು ಸಂಜೆ ಹಾವಗೆಪ್ಪನವರು ಕಾಗದದ ನೆತ್ತಿಯ ಮೇಲೆ 'ಬಕ್ಕಪ್ಪ ಎಂಬ ಹೆಸರಿನ ಮಹಾಪುರುಷರು' ಎಂದು ಬರೆದು, ಅಡಿಗೆರೆ ಎಳೆದು, ಕೆಳಗೆ ಒಂದು ಎಂದು ಹಾಕಿದರು. ಆ ಒಂದರ ಮುಂದೆ ಬರೆಯಲು ಯಾರೂ ನೆನಪಾಗಲಿಲ್ಲ. ಅವರಿಗೆ ಗೊತ್ತಿದ್ದ ಬಕ್ಕಪ್ಪಗಳಲ್ಲಿ ಒಬ್ಬ ಕ್ಷೌರಿಕ, ಒಬ್ಬ ಕಂಡಕ್ಟರ್, ಇನ್ನೊಬ್ಬ ಇವರ ಸೈಕಲ್ಲು ಒಯ್ದು ತಿರುಗಿ ಕೊಡದವನು.

"ಭಾಲ್ಕಿಗಿ ಹೋಗ್ರಿ ಸಾಬ್," ಎಂದು ದಾರಿ ತೋರಿಸಿದವನು ಪಕ್ಕದ ಮನೆಯ ಅಬ್ದುಲ ವಾಹೀದ. ಚೌಬಾರಾ ಗೋಪುರದ ಹತ್ತಿರ ಅವನದೊಂದು ಸಣ್ಣ ಮುದ್ರಣದ ಅಂಗಡಿ. ಲಗ್ನಪತ್ರಿಕೆಯಿಂದ ಹಿಡಿದು ಕಳೆದುಹೋದ ಎಮ್ಮೆಯ ಜಾಹೀರಾತಿನವರೆಗೆ ಎಲ್ಲವನ್ನೂ ಅವನು ಒಂದೇ ಗಾಂಭೀರ್ಯದಿಂದ ಅಚ್ಚು ಹಾಕುತ್ತಿದ್ದ. "ದೊಡ್ಡ ಮನುಷ್ಯಾರು ಬೀದರದಾಗ ಹುಟ್ಟಂಗಿಲ್ಲ. ಇಲ್ಲಿಗಿ ಟ್ರಾನ್ಸ್‌ಫರ್ ಆಗಿ ಬರ್ತಾರ, ಬಸ್."

ಭಾಲ್ಕಿಯ ಬಸ್ ನಿಲ್ದಾಣದ ಮುಂದಿನ ಚಹಾದಂಗಡಿಯಲ್ಲಿ ಕುಳಿತು ಹಾವಗೆಪ್ಪನವರು ವಿಚಾರಣೆ ಶುರು ಮಾಡಿದರು. ಕೇಳಿದ್ದು ಇಷ್ಟೇ: "ಇಲ್ಲಿ ಬಕ್ಕಪ್ಪ ಅನ್ನೋರು ಯಾರ್ಯಾರ್ ಅದಾರ್ರಿ? ಮಾಹಿತಿ ಬರ್ಕೊಳ್ಳೋದದ." ಕೈಯಲ್ಲಿ ಕಾಗದ, ಕಿಸೆಯಲ್ಲಿ ಪೆನ್ನು, ಮೂಗಿನ ಮೇಲೆ ಕನ್ನಡಕ. ಹೀಗೆ ಬಂದು ಮಾಹಿತಿ ಕೇಳುವವರನ್ನು ಆ ಊರು ಹಿಂದೆಯೂ ಕಂಡಿತ್ತು. ಹಾಗೆ ಬಂದವರ ಹಿಂದಿನಿಂದ ಸಾಮಾನ್ಯವಾಗಿ ಸರ್ಕಾರದ್ದು ಏನಾದರೂ ಬರುತ್ತದೆ ಎಂಬುದೂ ಊರಿಗೆ ಗೊತ್ತಿತ್ತು.

ಒಂದು ಬಟ್ಟೆಯಂಗಡಿಯವರು ತಮ್ಮ ಮುತ್ತಜ್ಜನನ್ನು ಕೊಟ್ಟರು. ಹಾವಗೆಪ್ಪನವರು ಬರೆದುಕೊಂಡರು: 'ಗಡಿಯಾರದ ಬಕ್ಕಪ್ಪ. ಹೈದರಾಬಾದಿನಿಂದ ತಮ್ಮ ಓಣಿಗೆ ಮೊಟ್ಟಮೊದಲ ಗೋಡೆ ಗಡಿಯಾರ ತಂದ ಸಾಹಸಿ. ದಾರಿಯಲ್ಲಿ ಬಂಡಿ ಕುಲುಕಿ ಗಡಿಯಾರ ನಿಂತುಹೋದರೂ ಧೃತಿಗೆಡದೆ ಜೀವನಪೂರ್ತಿ ಅದಕ್ಕೆ ಕೀಲಿ ಕೊಟ್ಟರು. ಹೊತ್ತು ಕೇಳಿದವರಿಗೆ ಹೊರಗೆ ಬಂದು ಸೂರ್ಯನನ್ನು ನೋಡಿ ಹೇಳುತ್ತಿದ್ದರು.' ಔರಾದದ ಕಡೆಯ ಮಲ್ಲ ಬಕ್ಕಪ್ಪ ಒಂದೂ ಕುಸ್ತಿ ಸೋಲದ ಪೈಲ್ವಾನ. ಅವರು ಊಟ ಮಾಡುವುದನ್ನು ನೋಡಿಯೇ ಎದುರಾಳಿಗಳು ಊರಿಗೆ ತಿರುಗಿದ್ದರಿಂದ ಒಂದೂ ಕುಸ್ತಿ ಆಡುವ ಪ್ರಸಂಗ ಬರಲಿಲ್ಲ. ಇನ್ನೊಬ್ಬರು ರುಮಾಲಿನ ಬಕ್ಕಪ್ಪ. ನಿಜಾಮನ ಕಾಲದ ತಹಶೀಲ್ದಾರನ ಎದುರು ತಲೆಯ ರುಮಾಲು ತೆಗೆಯದೆ ನಿಂತ ಧೀರ. ರುಮಾಲಿನ ಕೆಳಗೆ ದೊಡ್ಡ ಕುರು ಎದ್ದಿತ್ತು ಎಂದು ಮೊಮ್ಮಗ ಬಾಯಿಬಿಟ್ಟ. ಚರಿತ್ರೆಯ ದೃಷ್ಟಿಯಿಂದ ಅದು ಮುಖ್ಯವಲ್ಲವೆಂದು ಹಾವಗೆಪ್ಪನವರು ಬಿಟ್ಟರು.

ವಾಹೀದ ಟೈಪು ಮಾಡುತ್ತ ಮಾಡುತ್ತ ಕೈ ನಿಲ್ಲಿಸಿದ. "ಸಾಬ್, ಒಂದು ಮಾತು. ಇಷ್ಟೆಲ್ಲ ಬಕ್ಕಪ್ಪ ಆಗಿ ಹೋಗ್ಯಾರ ಅಂದ ಮ್ಯಾಲೆ ನಮ್ಮ ಜಿಲ್ಲಾ ಯಾಕ ಹಿಂಗದ?"

"ನೀ ಟೈಪ್ ಮಾಡೋ."

ಅಷ್ಟರಲ್ಲಿ ಭಾಲ್ಕಿಯಲ್ಲಿ ಬಿತ್ತಿದ ಬೀಜ ಮೊಳೆತಿತ್ತು. ಒಂದು ಮುಂಜಾನೆ ದಾನಮ್ಮ ರಂಗೋಲಿ ಹಾಕಲು ಬಾಗಿಲು ತೆರೆದರೆ, ಹೊರಗೆ ರುಮಾಲುಗಳ ಸಾಲು. ಎಲ್ಲರ ಕೈಯಲ್ಲಿ ಆಧಾರ್ ಕಾರ್ಡಿನ ಝೆರಾಕ್ಸು, ಮೇಲೆ ಪಿನ್ನು ಚುಚ್ಚಿದ ಫೋಟೋ.

"ರೀ, ಕೇಳೀರೇನು? ನಿಮ್ಮ ಮಹಾಪುರುಷರು ಬಂದಾರ."

ಸಾಲಿನ ಮುಂದಿದ್ದ ಮುದುಕ ಕೈಮುಗಿದ. "ಬಕ್ಕಪ್ಪ ಭಾಗ್ಯ ಇಲ್ಲೇ ಕೊಡ್ತಾರಂತಲ್ರಿ? ನಾ ಬಕ್ಕಪ್ಪ. ನಮ್ಮ ತಮ್ಮಂದು ಬ್ಯಾರೆ ಹೆಸರದ, ಆದ್ರ ಅಂವಗೂ ಬಕ್ಕಪ್ಪ ಅಂತೇ ಕರೀತೀವ್ರಿ, ಬೇಕಂದ್ರ."

"ಭಾಗ್ಯ ಇಲ್ರಿ ಏನೂ! ನಾ ಚರಿತ್ರ ಬರೀಲತೀನಿ. ತೀರಿಹೋದವರದು."

"ತೀರಿಹೋದವರಿಗಿ ಯಾಕ್ರಿ ಭಾಗ್ಯ? ನಮ್ಮಂಥಾ ಬದುಕಿದವರು ಏನ್ ಪಾಪಾ ಮಾಡೀವಿ?"

ಸಾಲಿನಿಂದ ಒಬ್ಬಳು ಹೆಂಗಸು ಮುಂದೆ ಬಂದಳು. ಗಂಡನಿಗೆ ಕಾಲು ನೋವು, ಅವನ ಬದಲು ತಾನು ಬಂದಿದ್ದೇನೆ ಎಂದಳು.

"ಯಜಮಾನರ ಹೆಸರೇನವ್ವ?"

ಅವಳು ಸೆರಗು ಕಚ್ಚಿಕೊಂಡಳು. "ಇಶ್ಶಿ, ನಾ ಹ್ಯಾಂಗ ಹೇಳ್ಲಿರಿ? ನೀವು ಯಾವುದಕ್ಕ ಕೊಡ್ಲತೀರೋ, ಅದೇ."

ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು. ತೀರ ಬೇಕಾದರೆ ಮದುವೆಯಲ್ಲೋ ತೊಟ್ಟಿಲ ದಿನವೋ ನಾಲ್ಕು ಮಂದಿ ಕಾಡಿದಾಗ ಒಂದು ಒಡಪು ಕಟ್ಟಿ, ಪ್ರಾಸದ ನಡುವೆ ಅಡಗಿಸಿ ಹೇಳಬೇಕು. ಅತ್ತೆ, ಮಾವಂದಿರ ಹೆಸರಿಗೂ ಅದೇ ಮರ್ಯಾದೆ. ಹಾವಗೆಪ್ಪನವರಿಗೆ ಇದು ಹೊಸದೇನಲ್ಲ. ಮದುವೆಯಾದಾಗಿನಿಂದ ದಾನಮ್ಮನ ಬಾಯಲ್ಲಿ ಅವರ ಹೆಸರು 'ರೀ, ಕೇಳೀರೇನು' ಎಂಬುದೇ ಆಗಿತ್ತು. ಮದುವೆಯ ದಿನ ಕೂಡ ಆಕೆ ನಾಚಿ ಒಡಪು ಹೇಳದೆ ತಪ್ಪಿಸಿಕೊಂಡಿದ್ದರು. ಆ ಬಾಕಿ ಹಾಗೆಯೇ ಉಳಿದಿತ್ತು.

ಬಂದ ಬಕ್ಕಪ್ಪಗಳಿಗೆಲ್ಲ ಚಹಾ ಮಾಡಿ ಕಳಿಸುವಷ್ಟರಲ್ಲಿ ಮನೆಯ ಸಕ್ಕರೆ ಮುಗಿಯಿತು. ಮರುದಿನ ಮೋಟಾರುಸೈಕಲ್ಲಿನ ಮೇಲೆ ಕಂದಾಯ ಇಲಾಖೆಯವರೊಬ್ಬರು ಬಂದರು. ಹೆಲ್ಮೆಟ್ಟು ತೆಗೆಯದೆಯೇ ಕೇಳಿದರು:

"ಯಾವ ಆದೇಶದ ಪ್ರಕಾರ ನೀವು ಬಕ್ಕಪ್ಪಗಳ ಗಣತಿ ಮಾಡ್ಲತೀರಿ?"

"ಗಣತಿ ಅಲ್ರಿ ಸಾಹೇಬ್ರ. ಕಿರುಪರಿಚಯ."

"ಅದಕ್ಕೂ ಆದೇಶ ಬೇಕು. ನಮ್ಮ ಆಫೀಸಿಗಿ ಬಂದು ಕೂತಾರ ಮಂದಿ. ಬಕ್ಕಪ್ಪಗ ಅದ, ಶರಣಪ್ಪಗ ಯಾಕಿಲ್ಲ ಅಂತ ಅರ್ಜಿ ಕೊಟ್ಟಾರ. ನಾ ಏನು ಷರಾ ಬರೀಲಿ?"

ಹಾವಗೆಪ್ಪನವರು ಬೆವರುತ್ತ ಕೂಸು, ಸೊಸೆ, ತೊಟ್ಟಿಲು ಎಲ್ಲವನ್ನೂ ಹೇಳಿದರು. ಸಾಹೇಬರು ಹೆಲ್ಮೆಟ್ಟು ತೆಗೆದರು. ಅತ್ತಿತ್ತ ನೋಡಿದರು. ಬಾಗಿಲು ಅರ್ಧ ಮುಚ್ಚಿ, ದನಿ ಇಳಿಸಿದರು.

"ನಮ್ಮ ತಂದಿಯವರ ಹೆಸರೂ ಬಕ್ಕಪ್ಪ ಅಂತ್ರಿ. ಹೊಲದ ಬದುವಿನ ಸಲುವಾಗಿ ಒಂದೇ ಕೇಸು ಮೂರು ಕೋರ್ಟಿನಾಗ ಆಡಿದ್ರು. ಪುಸ್ತಕದಾಗ ಅವರದೊಂದು ಪುಟ ಹಾಕ್ತೀರೇನು? ಫೋಟೋ ಕಲರ್ ಇದ್ರ ಛಲೋ."

ಹೀಗೆ 'ನ್ಯಾಯಪ್ರೇಮಿ ಬಕ್ಕಪ್ಪ' ಪುಸ್ತಕ ಸೇರಿದರು. ಪುಸ್ತಕ ದಪ್ಪವಾಗುತ್ತಿತ್ತು, ಹಾವಗೆಪ್ಪನವರ ಧೈರ್ಯ ತೆಳುವಾಗುತ್ತಿತ್ತು. ನಿಂತ ಗಡಿಯಾರ, ಆಡದ ಕುಸ್ತಿ, ಮುಗಿಯದ ಕೇಸು. ಇವನ್ನು ಓದಿದರೆ ಮನಿಷಾ ಏನೆಂದಾಳು ಎಂಬುದು ಅವರಿಗೆ ಗೊತ್ತಿತ್ತು. ಅವಳು ಏನೂ ಅನ್ನುವುದಿಲ್ಲ, ಬರೇ ನೋಡುತ್ತಾಳೆ. ಒಬ್ಬ, ಒಬ್ಬನೇ ಒಬ್ಬ ಖರೇ ಮಹಾಪುರುಷ ಬೇಕಾಗಿತ್ತು.

ಅವನು ಡಾಬಕಾ ಎಂಬ ಹಳ್ಳಿಯಲ್ಲಿದ್ದಾನೆ ಎಂದು ಹೇಳಿದ್ದು ಔರಾದದ ಬಸ್ಸಿನಲ್ಲಿ ಪಕ್ಕ ಕುಳಿತ ಒಬ್ಬ. "ಹೊಳಿ ದಾಟಿಸಿದವರು ಅಂತ ನಮ್ಮಪ್ಪ ಹೇಳ್ತಿದ್ದ. ಬಕ್ಕಪ್ಪನ ಮನಿ ಅಂತ ಕೇಳ್ರಿ, ಯಾರ ಬೇಕಾದ್ರೂ ತೋರಸ್ತಾರ."

ಯಾರೋ ತೋರಿಸಿದರು. ಬೇವಿನ ಮರ, ಮರದ ಕೆಳಗೆ ಹೊರಸು, ಹೊರಸಿನ ಮೇಲೆ ಹೊದ್ದು ಮಲಗಿ ಗೊರಕೆ ಹೊಡೆಯುತ್ತಿದ್ದ ಒಂದು ದೊಡ್ಡ ದೇಹ. ಬಾಗಿಲಲ್ಲಿ ಮೊರದಿಂದ ಜೋಳ ಕೇರುತ್ತಿದ್ದ ಮುದುಕಿ ತಲೆಯೆತ್ತಿ ನೋಡಿದಳು. ಆಕೆ ಭೀಮಬಾಯಿ.

"ಯಾರಪಾ?"

"ಬೀದರದಿಂದ ಬಂದೀನ್ರಿ ಆಯಿ. ಮೂಲ ಹಲಬರ್ಗಾ. ಹಾವಗೆಪ್ಪ ಅಂತ ನನ್ನ ಹೆಸರು. ಪುಸ್ತಕಾ ಬರೀತೀನಿ."

ಕೇರುತ್ತಿದ್ದ ಮೊರ ಗಾಳಿಯಲ್ಲಿಯೇ ನಿಂತಿತು. ಭೀಮಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಹೊರಗ ಯಾಕ ನಿಂತಿ ಅಣ್ಣಾ, ಒಳಗ ಬಾ," ಎಂದಳು. ಬಿಸಿ ರೊಟ್ಟಿ ಬಡಿದು ಹಾಕಿದಳು, ಮೇಲೆ ಪುಂಡಿಪಲ್ಲೆ, ಕೆನೆಮೊಸರು. ಪುಸ್ತಕ ಬರೆಯುವವರಿಗೆ ಹಳ್ಳಿಯಲ್ಲಿ ಇನ್ನೂ ಇಷ್ಟು ಗೌರವವಿದೆಯೇ ಎಂದು ಹಾವಗೆಪ್ಪನವರ ಎದೆ ಉಬ್ಬಿತು.

ಗೋಡೆಯ ಮೇಲೆ ಒಂದು ಹಳೆಯ ಫೋಟೋ ಇತ್ತು, ಹೊಗೆ ಹಿಡಿದು ಮೀಸೆಯಷ್ಟೇ ಉಳಿದಿತ್ತು. "ಇವರೇ ಏನ್ರಿ?" ಎಂದು ಕೇಳಿದರು.

"ಅವರೇ," ಎಂದಳು ಭೀಮಬಾಯಿ. ಆ ಮೇಲೆ ಹೇಳಿದಳು.

ಮಳೆಗಾಲ. ಮಡಿಲಲ್ಲಿ ಕೂಸು, ಕೂಸಿಗೆ ಸುಡುವ ಜ್ವರ. ಡಾಕ್ಟರು ಇದ್ದದ್ದು ಭಾಲ್ಕಿಯಲ್ಲಿ. ನಡುವೆ ಮಾಂಜ್ರಾ ಹೊಳೆ ತುಂಬಿ ನಿಂತಿತ್ತು, ದೋಣಿಯವನು ಒಲ್ಲೆ ಎಂದ. ದಂಡೆಯ ಕಬ್ಬಿನ ಗದ್ದೆಯ ಗಾಣದಲ್ಲಿ ಬೆಲ್ಲ ಕಾಯಿಸುವ ದೊಡ್ಡ ಕಡಾಯಿ ಬೋರಲು ಬಿದ್ದಿತ್ತು. ಅವರು ಅದನ್ನು ಉರುಳಿಸಿಕೊಂಡು ಬಂದು, ನೀರಿಗೆ ಬಿಟ್ಟು, ಹೆಂಡತಿಯನ್ನೂ ಕೂಸನ್ನೂ ಅದರಲ್ಲಿ ಕೂರಿಸಿ, ಅಂಚು ಹಿಡಿದು ಈಜಿಕೊಂಡು ಹೊಳೆ ದಾಟಿಸಿದರು.

"ಆಚಿ ದಂಡಿಗಿ ಹೋಗಿ ನೋಡ್ತೀವಿ, ಈಚಿ ದಂಡಿ ಮ್ಯಾಲೆ ಗಾಣದಾಂವ ನಿಂತು ಒದರ್ಲತಾನ, ನನ್ನ ಕಡಾಯಿ ತಾ ಅಂತ. ಅವರು ನನಗ ಅಲ್ಲಿ ಬಿಟ್ಟು, ಅದೇ ಹೊಳ್ಯಾಗ ಮತ್ತ ಈಜಿ, ಕಡಾಯಿ ಕೊಟ್ಟು, ಮತ್ತ ಬಂದ್ರು. ಮಾತ ಆಡಿದವರಲ್ಲ. ಕಡಾಯ್ದಾಗ ಬೆಲ್ಲ ಹತ್ತಿತ್ತು ನೋಡು, ಕೂಸು ದಾರಿತನಾ ಬೆರಳು ನೆಕ್ಕೋತ ಬಂತು."

ಹಾವಗೆಪ್ಪನವರು ಬರೆದದ್ದರ ಕೆಳಗೆ ಎರಡು ಗೆರೆ ಎಳೆದರು. "ಆಯಿ, ನಮ್ಮ ಮೊಮ್ಮಗನ ತೊಟ್ಟಲಿಗಿ ನೀವು ಬರ್ಲೇಬೇಕ್ರಿ. ಹೊರಗ ಮಲಗ್ಯಾರಲ್ಲ, ನಿಮ್ಮ ಮಗ ಏನ್ರಿ? ಅವರಿಗೂ ಕರಕೊಂಡು ಬರ್ರಿ."

"ಬರ್ತದ, ಹೋಳಿಗಿ ಇದ್ರ," ಎಂದಳು ಭೀಮಬಾಯಿ.

ತೊಟ್ಟಿಲ ದಿನ ಹಾವಗೆಪ್ಪನವರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಣಿಯ ಹೆಂಗಸರು, ಔರಾದದ ಬೀಗರು, ಅಡ್ಡಗೋಡೆಯ ಮೇಲೆ ಕುಳಿತ ವಾಹೀದ, ಅವನ ಪಕ್ಕ ಅಚ್ಚಿನ ವಾಸನೆ ಆರದ ಪುಸ್ತಕಗಳ ಕಟ್ಟು. ಕಂದಾಯದ ಸಾಹೇಬರು ಕೂಡ ತಂದೆಯ ಫೋಟೋ ಕಲರಿನಲ್ಲಿ ಬಂದಿದೆಯೇ ನೋಡಲು ಬಂದಿದ್ದರು. ಭೀಮಬಾಯಿಯನ್ನು 'ಮಹಾಪುರುಷರ ಧರ್ಮಪತ್ನಿ'ಯೆಂದು ಕುರ್ಚಿ ಹಾಕಿ ಕೂರಿಸಲಾಗಿತ್ತು. ಅವಳ ಮಗ ಯಾರೂ ಹೇಳದೆಯೇ ಊಟದ ಪಂಕ್ತಿಯನ್ನು ಒಬ್ಬನೇ ಉದ್ಘಾಟನೆ ಮಾಡಿದ್ದ.

ಹಾವಗೆಪ್ಪನವರು ಕನ್ನಡಕ ಒರೆಸಿ ಓದಿದರು. "ಡಾಬಕಾದ ವೀರ ಬಕ್ಕಪ್ಪ..." ಹೊಳೆ, ಜ್ವರ, ಕಡಾಯಿ. ಹೆಂಗಸರ ಬಳೆಗಳ ಸದ್ದು ನಿಂತಿತು. ಬಾಣಂತಿ ಮನಿಷಾ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಅವಳ ಕಣ್ಣಲ್ಲಿ ನೀರಾಡಿದ್ದನ್ನು ಹಾವಗೆಪ್ಪನವರು ಕನ್ನಡಕದ ಮೇಲಿನಿಂದ ನೋಡಿದರು. ಗೆದ್ದೆ ಎಂದುಕೊಂಡರು. "ಹೀಗೆ ತುಂಬಿದ ಮಾಂಜ್ರಾ ನದಿಯನ್ನು ಮೂರು ಸಲ ಈಜಿದ ಬಕ್ಕಪ್ಪನವರು..."

"ಏ ಅಣ್ಣಾ, ನಿಂದ್ರು, ನಿಂದ್ರು," ಎಂದಳು ಭೀಮಬಾಯಿ. "ಹೊಳಿ ದಾಟಿಸಿದ್ದು ಬಕ್ಕಪ್ಪ ಅಂತ ಯಾರ್ ಹೇಳ್ಯಾರ ನಿನಗ?"

"ನೀವೇ ಹೇಳಿದ್ರೆಲ್ರಿ ಆಯಿ!"

"ನಾ 'ಅವರು' ಅಂದೀನಿ."

"ಅವರು ಅಂದ್ರ ಬಕ್ಕಪ್ಪನವರು..."

"ಬಕ್ಕಪ್ಪ ನನ್ನ ಮಗ! ಅಗೋ, ಅಲ್ಲಿ ಕುಂತು ಉಣ್ಲತಾನ. ಮನಿ ಈಗ ಅವಂದು, ಅದಕ್ಕೇ ಬಕ್ಕಪ್ಪನ ಮನಿ ಅಂತಾರ. ಕಡಾಯ್ದಾಗ ಬೆಲ್ಲ ನೆಕ್ಕಿದ ಕೂಸು ಅದೇ. ಇನ್ನಾ ನೆಕ್ಕಲತದ ನೋಡು."

ಎಲ್ಲರೂ ತಿರುಗಿ ನೋಡಿದರು. ಅರವತ್ತು ದಾಟಿದ ಬಕ್ಕಪ್ಪ ಹೋಳಿಗೆಯ ಪಾಕ ಹತ್ತಿದ ಬೆರಳನ್ನು ಬಾಯಿಂದ ತೆಗೆದ.

"ಸಾಬ್," ಎಂದ ವಾಹೀದ ಅಡ್ಡಗೋಡೆಯ ಮೇಲಿನಿಂದ, "ಛಾಪಾ ಆಗಿ ಹೋಗ್ಯಾದ."

ನಕ್ಕವರು ನಕ್ಕರು. ಔರಾದದ ಬೀಗರು ಮರ್ಯಾದೆಗೆಂದು ಕೆಮ್ಮಿದರು. ಹಾವಗೆಪ್ಪನವರು ಕೈಯಲ್ಲಿದ್ದ ಪುಸ್ತಕದ ಅದೇ ಪುಟವನ್ನು ಇನ್ನೊಮ್ಮೆ ನೋಡಿದರು. ಆಗ ಮನಿಷಾ ಕೇಳಿದಳು:

"ಹಂಗಾದ್ರ ಅವರ ಹೆಸರೇನ್ರಿ ಆಯಿ? ಇಂಥಾ ಮನುಷ್ಯಾನ ಹೆಸರು ಗೊತ್ತಾಗಬೇಕ್ರಿ."

ಭೀಮಬಾಯಿ ಸೆರಗು ಎಳೆದುಕೊಂಡಳು. ಬಕ್ಕಪ್ಪ ತಾನು ಹೇಳುತ್ತೇನೆಂದು ಕೈ ಎತ್ತಿದ. ಆದರೆ ಅಷ್ಟರಲ್ಲಿ ಇನ್ನೊಂದು ಇಡೀ ಹೋಳಿಗೆ ಒಳಗೆ ಹೋಗಿತ್ತು, ಅದು ದಾರಿ ಬಿಡಲಿಲ್ಲ.

"ನಾ ಹೇಳಂಗಿಲ್ಲ," ಎಂದಳು ಭೀಮಬಾಯಿ. ಕೈ ಚಾಚಿ ದಾನಮ್ಮನನ್ನು ತೋರಿಸಿದಳು. "ಆಕೀಗಿ ಕೇಳ್ರಿ. ಆಕಿ ಗಂಡನ ಹೆಸರೇ ನಮ್ಮವರ ಹೆಸರು. ಈ ಅಣ್ಣ ಅಂದು ಬಾಗಲದಾಗ ನಿಂತು ಹೆಸರು ಹೇಳಿದಾಗ ನನ್ನ ಕೈಯಾಗಿನ ಮೊರ ಅಲ್ಲೇ ನಿಂತಿತು. ಆ ಬಾಗಲದಾಗ ಆ ಹೆಸರು ಕೇಳಿ ಎಷ್ಟ ವರ್ಷಾಗಿತ್ತೋ. ಅದಕ್ಕೇ ಒಳಗ ಕರದೆ. ಇಲ್ಲಂದ್ರ ಪುಸ್ತಕಾ ಬರಿಯೋರಿಗಿ ಯಾರು ರೊಟ್ಟಿ ಬಡೀತಾರ?"

ಇಡೀ ಮನೆ ದಾನಮ್ಮನ ಕಡೆ ತಿರುಗಿತು. ಹಾವಗೆಪ್ಪನವರ ಹೆಸರು ಓಣಿಗೆಲ್ಲ ಗೊತ್ತಿತ್ತು. ಬೇಕೆಂದರೆ ಯಾರಾದರೂ ಹೇಳಬಹುದಿತ್ತು. ಆದರೆ ಇಂಥ ಅವಕಾಶವನ್ನು ಬಿಡುವಷ್ಟು ಮೂರ್ಖರು ಆ ಓಣಿಯಲ್ಲಿ ಯಾರೂ ಇರಲಿಲ್ಲ.

"ಹೇಳು ದಾನಮ್ಮಾ! ಒಡಪು ಹಾಕು!"

"ಇಶ್ಶಿ, ಈ ವಯಸ್ಸಿನಾಗ?"

"ಲಗ್ನದಾಗ ತಪ್ಪಿಸಿಕೊಂಡಿದ್ದಿ, ಈಗ ಬಿಡಂಗಿಲ್ಲ!"

ದಾನಮ್ಮ ಕೆಂಪಾದರು. ತೊಟ್ಟಿಲ ಹಗ್ಗ ಹಿಡಿದು, ನೆಲ ನೋಡಿ, ಒಂದೇ ಉಸಿರಿಗೆ ಹೇಳಿದರು:

"ತುಂಬಿದ ಮಾಂಜ್ರಾದಾಗ ತೇಲ್ಯಾದ ಬೆಲ್ಲದ ಕಡಾಯಿ,
ನಮ್ಮ ಹಾವಗೆಪ್ಪನವರ ಬಾಯಿಗಿಲ್ಲ ಬಾಗಲಾ, ಕೀಲಿಕಾಯಿ!"

ನಗೆಯ ಅಬ್ಬರಕ್ಕೆ ಕೂಸು ಎದ್ದು ಅತ್ತಿತು. ಹೆಂಡತಿಯ ಬಾಯಲ್ಲಿ ತಮ್ಮ ಹೆಸರನ್ನು ಜೀವನದಲ್ಲಿ ಮೊದಲ ಸಲ ಕೇಳಿದ ಹಾವಗೆಪ್ಪನವರ ಕೈಯಿಂದ ಮಹಾಪುರುಷರೆಲ್ಲ ಜಾರಿ ನೆಲಕ್ಕೆ ಬಿದ್ದರು.

"ಹಾವಗೆಪ್ಪ ಅಂತೇ ಇಡ್ರಿ ಮತ್ತ ಕೂಸಿಗಿ," ಎಂದರು ಸಾಹೇಬರು.

"ಹ್ಯಾಂಗ ಇಡ್ತಾರ? ಮುತ್ಯಾ ಇನ್ನಾ ಬದುಕ್ಯಾರಲ್ಲ," ಎಂದಳೊಬ್ಬ ಮುದುಕಿ, ಸ್ವಲ್ಪ ನಿರಾಸೆಯಿಂದ. ಹಾವಗೆಪ್ಪನವರಿಗೆ ತಾವು ಬದುಕಿರುವುದರ ಬಗ್ಗೆ ಮೊದಲ ಸಲ ಸಂಕೋಚವಾಯಿತು.

ಅವರು ಬಾಗಿ ಪುಸ್ತಕ ಎತ್ತಿಕೊಂಡರು. "ನಡೀಲಿ ಬಿಡವ್ವ ಮನಿಷಾ. ವಿಹಾನ ಅಂತೇ ಇಡ್ರಿ. ಬಕ್ಕಪ್ಪಗಳು ಏನೂ ಮಾಡಿಲ್ಲ ಕಾಣಸ್ತದ."

"ಹೆಸರಿಗಿ ಏನ್ ಕೆಲಸ ಇರ್ತದ ಅಣ್ಣಾ?" ಎಂದಳು ಭೀಮಬಾಯಿ. "ಕರದ್ರ ಓ ಅನ್ನಬೇಕು, ಅಷ್ಟ."

ಮನಿಷಾ ಕೈ ಚಾಚಿ ಪುಸ್ತಕ ಇಸಿದುಕೊಂಡಳು. ಶಾಲೆಯಲ್ಲಿ ಉತ್ತರ ಪತ್ರಿಕೆ ನೋಡುವ ಹಾಗೆ ಹಾಳೆ ಹಾಳೆ ತಿರುವಿದಳು. "ಮಾವಾರ, ನಮ್ಮ ಮನಿ ಬಕ್ಕಪ್ಪ ಮುತ್ಯಾ ಇದ್ರಾಗ ಎಲ್ಲ್ಯದಾರ್ರಿ?"

"ಅವರದೇನು ಬರೀಲವ್ವ. ಕುರಿ ಕಾದ್ರು."

"ಬರೇ ಕುರಿ?"

"ಬರೇ ಕುರಿ. ನಾ ಭಾಲ್ಕಿ ಸಾಲಿಗಿ ಹೋಗ್ತಿದ್ದೆ, ಹಲಬರ್ಗಾದಿಂದ ನಡಕೋತ. ದಾರ್ಯಾಗ ನಾಯಿ ಭಾಳ, ನನಗ ಅಂಜಿಕಿ. ಅವರು ದಿನಾ ಕುರಿ ಹೊಡಕೊಂಡು ನನ್ನ ಹಿಂದ ಭಾಲ್ಕಿ ತನಾ ಬರ್ತಿದ್ರು. ಯಾಕಪ್ಪಾ ಅಂದ್ರ, ನಿನ್ನ ಸಲುವಾಗಿ ಅಲ್ಲೋ, ಆ ದಾರ್ಯಾಗ ಮೇವು ಛಲೋ ಅದ ಅಂತಿದ್ರು." ಹಾವಗೆಪ್ಪನವರು ಕನ್ನಡಕ ತೆಗೆದರು. "ಆ ದಾರ್ಯಾಗ ಮೇವೇ ಇರ್ಲಿಲ್ಲ. ಬರೇ ಕಲ್ಲು, ಜಾಲಿ."

ಯಾರೂ ಕೆಮ್ಮಲಿಲ್ಲ. ಬಕ್ಕಪ್ಪ ಕೂಡ ಅಗಿಯುವುದನ್ನು ನಿಲ್ಲಿಸಿದ.

ಮನಿಷಾ ಪುಸ್ತಕ ಮುಚ್ಚಿ ನಾದಿನಿಯ ಕಡೆ ನೋಡಿದಳು. "ಅಕ್ಕಾರಿ, ಬಕ್ಕಪ್ಪ ಅಂತೇ ಹೇಳ್ರಿ. ಸಾಲ್ಯಾಗ ಯಾರಾರ ಕೇಳಿದ್ರ ಹೇಳ್ಲಿಕ್ಕ ನನಗ ಉತ್ತರ ಸಿಕ್ಕದ."

ಸಿದ್ದೇಶ್ವರಿ ಬಾಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದಳು, ಆ ಮೇಲೆ ಹೆಸರು ಹೇಳಿದಳು. ಸೋದರತ್ತೆಯ ಬೆನ್ನಿಗೆ ಗುದ್ದುವುದು ಸಂಪ್ರದಾಯ. ಓಣಿಯ ಹೆಂಗಸರು ಸಂಪ್ರದಾಯವನ್ನು ಮನಸಾರೆ ಪಾಲಿಸಿದರು. ಗುದ್ದಿನ ಸಡಗರ ಮುಗಿದು ಸಿದ್ದೇಶ್ವರಿ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಹೊತ್ತಿಗೆ ಯಾರೋ ಹೇಳಿದರು: "ಕೂಸಿನ ಆಯಿ ಮೊದಲ ಕರೀಬೇಕು. ದಾನಮ್ಮಾ, ಮೊಮ್ಮಗಗ ಹೆಸರು ಹಿಡದು ಕರಿ."

ದಾನಮ್ಮ ಕೂಸನ್ನು ಎತ್ತಿಕೊಂಡರು. ಬಾಯಿ ತೆರೆದರು. ಮುಚ್ಚಿದರು.

"ಕರಿಯವಾ!"

"ಮಾವಾರ ಹೆಸರು ನಾ ಹ್ಯಾಂಗ ಹಿಡದು ಕರೀಲಿ?"

ಆಸ್ಪತ್ರೆಯಿಂದ ಈವರೆಗೆ, ಇಷ್ಟು ಬಕ್ಕಪ್ಪಗಳು ಬಂದು ಹೋದರೂ, ದಾನಮ್ಮನ ಬಾಯಲ್ಲಿ ಆ ಹೆಸರು ಒಂದು ಸಲವೂ ಬಂದಿರಲಿಲ್ಲ ಎಂಬುದು ಆಗ ಎಲ್ಲರಿಗೂ ಹೊಳೆಯಿತು, ಎಲ್ಲರಿಗಿಂತ ಕೊನೆಗೆ ಹಾವಗೆಪ್ಪನವರಿಗೆ.

"ಇದು ಮೊದಲೇ ಹೇಳಬಾರದೇನು?" ಎಂದರು ಅವರು ಕಂಗಾಲಾಗಿ.

"ನೀವು ಕೇಳೀರೇನು? ಇಟ್ರ ಛಲೋ ಅಂದೆ. ಕರೀತೀನಿ ಅಂದಿಲ್ಲ. ಗಂಡಂದು ಒಂದು ಹೇಳ್ದೆ, ಇವತ್ತಿಗಿ ಅಷ್ಟೇ ಸಾಕು." ದಾನಮ್ಮ ಕೂಸನ್ನು ಎದೆಗೊತ್ತಿಕೊಂಡು, ಅತ್ತಿತ್ತ ತೂಗಿ, ಹೊಸ ಪದಾರ್ಥದ ರುಚಿ ನೋಡುವವರಂತೆ ಮೆಲ್ಲಗೆ ಕರೆದರು: "ವಿಹಾನಾ... ಏ ವಿಹಾನಾ..."

ಅಂದಿನಿಂದ ಆ ಮನೆಯಲ್ಲಿ ಹೀಗೆ ನಡೆದಿದೆ. ನಡುಮನೆಯಿಂದ ಸೊಸೆ "ಬಕ್ಕಪ್ಪಾ" ಎನ್ನುತ್ತಾಳೆ, ಅಡುಗೆಮನೆಯಿಂದ ಅತ್ತೆ "ವಿಹಾನಾ" ಎನ್ನುತ್ತಾರೆ, ಸಂಜುಕುಮಾರ ಎರಡಕ್ಕೂ ಹೂಂ ಎನ್ನುತ್ತಾನೆ. ಮೊನ್ನೆ ಪೋಲಿಯೋ ಹನಿ ಹಾಕಲು ಅಂಗನವಾಡಿಯ ಅನುಸೂಯಾಬಾಯಿ ಬಂದವಳು, ಹೊಸ್ತಿಲಲ್ಲಿ ನಿಂತು ಎರಡೂ ಕೋಣೆಗಳ ಕೂಗು ಕೇಳಿ, ಬೆರಳಿಗೆ ಗುರುತು ಹಾಕುವ ಪೆನ್ನನ್ನು ತೆರೆದಳು.

"ಅವಳಿ ಅಂತ ಯಾರೂ ಹೇಳೇ ಇಲ್ಲಲ್ರಿ ಅಜ್ಜಾರ. ಇನ್ನೊಂದಕ್ಕೂ ಕರಕೊಂಡು ಬರ್ರಿ."

ಕಟ್ಟೆಯ ಮೇಲೆ ಕುಳಿತಿದ್ದ ಹಾವಗೆಪ್ಪನವರ ಮುಖ ಅರಳಿತು. ಕನ್ನಡಕ ಸರಿಪಡಿಸಿಕೊಂಡರು, ಗಂಟಲು ಸರಿಮಾಡಿಕೊಂಡರು. "ಅದು ಹ್ಯಾಂಗ ಆಯ್ತು ಅಂದ್ರವ್ವ..."

"ಕೀಲಿಕಾಯಿ," ಎಂದರು ದಾನಮ್ಮ ಒಳಗಿನಿಂದ.

ಹಾವಗೆಪ್ಪನವರು ಬಾಯಿ ಮುಚ್ಚಿದರು.